ಎಕ್ಸ್ ಮೊದಲೋ, ಎಲ್ ಮೊದಲೋ

ಗ್ರಂಥಾಲಯದಲ್ಲಿ ಹಳೆಯ ಯುರೋಪಿಯನ್ ಪುಸ್ತಕಗಳಿಗೆ ಕ್ಯಾಟಲಾಗ್ ಕಾರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಶೀರ್ಷಿಕೆ ಪುಟದ ಅಡಿಯಲ್ಲಿ ಅಚ್ಚಾದ ವರ್ಷ ತಿಳಿಸಲು ಸಾಲುಗಟ್ಟಿ ನಿಂತ ರೋಮನ್ ಅಂಕಿಯ ಅಕ್ಷರಗಳನ್ನು ಕಂಡರೆ ಬೆವರು ಬರುತ್ತಿತ್ತು. ಶಾಲೆಯಲ್ಲಿ ಕಲಿತದ್ದರಲ್ಲಿ ಗಡಿಯಾರದ ಹನ್ನೆರಡರವರೆಗೆ ಮಾತ್ರ ನೆನಪಿತ್ತು. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸುವುದು ಇದಕ್ಕಿಂತ ಎಷ್ಟೋ ಸಲೀಸು.

ಒಮ್ಮೆ ಎಂ-ಡಿ-ಸಿ-ಸಿ-ಸಿ-ಎಕ್ಸ್-ಎಲ್ ಎಂದಿದ್ದ ಪುಸ್ತಕಕ್ಕೆ 1860 ಎಂದು ಬರೆದುಬಿಟ್ಟೆ. ಎಂ ಸಾವಿರ, ಡಿ ಐನೂರು, ಸಿ ನೂರು, ಎಕ್ಸ್ ಹತ್ತು, ಎಲ್ ಐವತ್ತು ಎಂದು ದಿನಸಿ ಚೀಟಿಯ ಲೆಕ್ಕದಂತೆ ಸಾಲಾಗಿ ಕೂಡಿಸುತ್ತ ಹೋಗಿದ್ದೆ. ಪುಟ ತಿರುಗಿಸಿದರೆ ಮುನ್ನುಡಿಯ ಕೊನೆಯಲ್ಲಿ ಸಾದಾ ಅಂಕಿಯಲ್ಲೇ 1839 ಎಂದಿದೆ. ಮುನ್ನುಡಿ ಬರೆದು ಇಪ್ಪತ್ತೊಂದು ವರ್ಷ ಅಚ್ಚಿಗೆ ಕಾದವರುಂಟೇ? ಹತ್ತರ ಎಕ್ಸ್, ಐವತ್ತರ ಎಲ್‌ಗಿಂತ ಮೊದಲು ನಿಂತಿತ್ತು; ಕಳೆಯಬೇಕಿತ್ತು. ಅದು 1840.

ಅಂದಿನಿಂದ ಅಕ್ಷರಗಳನ್ನು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಇಳಿಸಿಕೊಂಡು, ಗೆರೆ ಎಳೆದು ಮೂರು ತುಂಡು ಮಾಡುತ್ತೇನೆ. ಮೊದಲು ಶತಮಾನ: ಎಂ-ಡಿ-ಸಿ-ಸಿ-ಸಿ ಎಂದರೆ 1800, ಎಂ-ಸಿ-ಎಂ ಎಂದರೆ 1900, ಜೋಡಿ ಎಂ ಎಂದರೆ 2000. ಆಮೇಲೆ ಹತ್ತರ ಸ್ಥಾನ, ಕೊನೆಗೆ ಬಿಡಿ. 1888ಕ್ಕೆ ಹದಿಮೂರು ಅಕ್ಷರಗಳ ರೈಲೇ ಬೇಕು, ಆದರೆ ಅದರಲ್ಲಿ ಕಳೆಯುವ ಗೋಜಿಲ್ಲ. ಕಾಡುವುದೆಲ್ಲ 4 ಮತ್ತು 9.

ಬರೆಯುವಾಗಲೂ ಸ್ಥಾನ ಬಿಡಿಸಿಕೊಳ್ಳುತ್ತೇನೆ. 1999 ಎಂದರೆ 2000ಕ್ಕೆ ಒಂದು ಕಡಿಮೆ, ಆದ್ದರಿಂದ ಎಂ-ಐ-ಎಂ ಸಾಕು ಎನ್ನುವ ಜಾಣರಿದ್ದಾರೆ. ಐ ಅನ್ನು ವಿ, ಎಕ್ಸ್ ಎರಡರಿಂದ ಮಾತ್ರ ಕಳೆಯುವುದು ರೂಢಿ. ಹಾಗಾಗಿ ಎಂ, ಸಿ-ಎಂ, ಎಕ್ಸ್-ಸಿ, ಐ-ಎಕ್ಸ್.

ದೆಹಲಿಯ ಇಂಡಿಯಾ ಗೇಟಿನ ನೆತ್ತಿಯಲ್ಲಿ ‘ಇಂಡಿಯಾ’ ಎಂಬ ಪದದ ಎಡಕ್ಕೆ 1914, ಬಲಕ್ಕೆ 1919 ಈ ನಿಯಮದಂತೆಯೇ ಇವೆ. ಲಂಡನ್ನಿನ ಅಡ್ಮಿರಾಲ್ಟಿ ಆರ್ಚ್ ಮೇಲಿನ 1910 ಮಾತ್ರ ಎಂ-ಡಿ-ಸಿ-ಸಿ-ಸಿ-ಸಿ-ಎಕ್ಸ್. ಒಂಬೈನೂರಕ್ಕೆ ನಾಲ್ಕು ಸಿ! ತಪ್ಪಲ್ಲ, ಹಳೆಯ ಪದ್ಧತಿ. ಅಂಥದ್ದನ್ನು ನಾನು ತಿದ್ದಲು ಹೋಗುವುದಿಲ್ಲ, ಇದ್ದಂತೆಯೇ ಇಳಿಸಿ ಪಕ್ಕದಲ್ಲಿ ವರ್ಷ ಬರೆಯುತ್ತೇನೆ.

ಹದಿನೇಳನೆಯ ಶತಮಾನದ ಹಾಲೆಂಡಿನ ಕೆಲವು ಪುಸ್ತಕಗಳಲ್ಲಂತೂ ಎಂ ಅಕ್ಷರವೇ ಇರುವುದಿಲ್ಲ. ಒಂದು ಸಿ, ಒಂದು ಐ, ಬೆನ್ನು ತಿರುಗಿಸಿ ನಿಂತ ಇನ್ನೊಂದು ಸಿ: ಮೂರೂ ಸೇರಿ ಸಾವಿರ. ಮೊದಲ ಸಲ ಕಂಡಾಗ ‘ಅಚ್ಚುಮೊಳೆ ತಿರುವುಮುರುವಾಗಿದೆ’ ಎಂದು ಕಾರ್ಡಿನಲ್ಲಿ ಷರಾ ಬರೆದಿದ್ದೆ.