ಮಳೆ ಪುಸ್ತಕದಲ್ಲಿ ಬರೆದ ಜಿಮ್ ಲೆಕ್ಕ

ಕಳೆದ ಮೂರು ವರ್ಷಗಳಲ್ಲಿ ನನ್ನ ವ್ಯಾಯಾಮ ಒಮ್ಮೆಯೂ ಸತತವಾಗಿ ಆರು ದಿನಕ್ಕಿಂತ ಹೆಚ್ಚು ನಿಂತುಹೋಗಿಲ್ಲ. ಕೊಡಗಿನ ಮೂರ್ನಾಡಿನ ಆಚೆಯ ಕಾಫಿ ತೋಟದ ಮನೆಯಲ್ಲಿದ್ದುಕೊಂಡು, ಜಿಮ್ ಎಂದರೆ ಸುಮಾರು 18 ಕಿಲೋಮೀಟರ್ ದೂರದ ಮಡಿಕೇರಿಗೇ ಹೋಗಬೇಕಾದ ನಾನು ನಲವತ್ತೇಳರ ವಯಸ್ಸಿನಲ್ಲಿ ಇದನ್ನು ಸಾಧಿಸಿದ್ದೇನೆ ಎಂದು ಬರೆಯುವಾಗ ಸ್ವಲ್ಪ ಹೆಮ್ಮೆ ಇಣುಕಿದರೆ ಓದುವವರು ಕ್ಷಮಿಸಬೇಕು. ಇದಕ್ಕೆ ಮೊದಲಿನ ಏಳು ವರ್ಷಗಳಲ್ಲಿ ನಾಲ್ಕು ಬಾರಿ ವರ್ಷದ ಶುಲ್ಕ ಕಟ್ಟಿ ನಾಲ್ಕು ಬಾರಿಯೂ ಅರ್ಧಕ್ಕೆ ಬಿಟ್ಟವನು ನಾನೇ. ವರ್ಷವನ್ನು ಮೂರು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಬಗೆಯ ವ್ಯಾಯಾಮ ಮಾಡುತ್ತೇನೆ ಎಂದಾಗ ನನ್ನ ಬಾವ ನಕ್ಕಿದ್ದರು. ಜಿಮ್‌ನ ತರಬೇತುದಾರ ಹುಡುಗನಂತೂ, "ಹೀಗೆ ತಿಂಗಳಿಗೊಂದು ಥರ ಮಾಡಿದ್ರೆ ಬಾಡಿ ಸೆಟ್ ಆಗಲ್ಲ ಸರ್" ಎಂದು ತೀರ್ಪನ್ನೇ ಕೊಟ್ಟುಬಿಟ್ಟಿದ್ದ.

ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ. ಜಿಮ್‌ನ ಶುಲ್ಕ ವರ್ಷಕ್ಕೆ 9,000 ರೂಪಾಯಿ, ಅಂದರೆ ತಿಂಗಳಿಗೆ 750. ಆದರೆ ಹೋಗಿ ಬರಲು 36 ಕಿಲೋಮೀಟರ್ ಆಗುತ್ತದೆ. ನನ್ನ ಜೀಪು ಲೀಟರಿಗೆ ಹನ್ನೆರಡು ಕೊಟ್ಟರೆ ಅದೇ ದೊಡ್ಡದು. ವಾರಕ್ಕೆ ನಾಲ್ಕು ದಿನ ಎಂದು ಹಿಡಿದರೂ ಇಂಧನಕ್ಕೇ ತಿಂಗಳಿಗೆ 4,800 ರೂಪಾಯಿಯ ಹತ್ತಿರ ಹೋಗುತ್ತಿತ್ತು. ಜಿಮ್‌ಗೆ ಒಂದು ರೂಪಾಯಿ, ಬಂಕಿಗೆ ಆರು ರೂಪಾಯಿ ಎಂಬ ಈ ಲೆಕ್ಕ ಹಾಕಲು ನನಗೆ ಎರಡು ವರ್ಷ ಬೇಕಾಯಿತು ಎಂಬುದೇ ನಾಚಿಕೆಯ ಸಂಗತಿ.

ಲೆಕ್ಕ ಗೊತ್ತಾದ ಮೇಲೆ ಮಾಡಿದ ಕೆಲಸ ಇನ್ನೂ ದಡ್ಡತನದ್ದು. ಮೈಸೂರಿನಿಂದ 38,000 ರೂಪಾಯಿಗೆ ಯಾರೋ ಬಳಸಿದ ಟ್ರೆಡ್‌ಮಿಲ್ ಒಂದನ್ನು ತಂದೆ. ಜುಲೈ ಬಂತು. ತಂತಿಯ ಮೇಲೆ ಮರ ಬಿದ್ದರೆ ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ, ಬಂದಾಗಲೂ ವೋಲ್ಟೇಜ್ ನೆಟ್ಟಗಿರುವುದಿಲ್ಲ. ಎರಡನೆಯ ಮಳೆಗಾಲದಲ್ಲಿ ಅದರ ಬೋರ್ಡ್ ಸುಟ್ಟಿತು, ರೋಲರ್‌ಗಳ ತುದಿ ತುಕ್ಕು ಹಿಡಿಯಿತು. ರಿಪೇರಿಗೆ 14,000 ಕೇಳಿದರು. ಕೊನೆಗೆ 6,500ಕ್ಕೆ ಕೊಟ್ಟು ಕೈತೊಳೆದುಕೊಂಡೆ. ಅದರ ಮೇಲೆ ನಾನು ನಡೆದದ್ದು ಒಟ್ಟು 170 ಕಿಲೋಮೀಟರ್ ಇರಬಹುದು. ಅಷ್ಟು ದೂರ ಟ್ಯಾಕ್ಸಿಯಲ್ಲಿ ಹೋಗಿದ್ದರೆ ಅಗ್ಗವಾಗುತ್ತಿತ್ತು.

ದಾರಿ ತೋರಿಸಿದ್ದು ಮಳೆ ಪುಸ್ತಕ. ಕೊಡಗಿನ ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು ಮತ್ತು ಇಂಚಿನ ನೂರನೆಯ ಒಂದು ಭಾಗವಾದ ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ಇದ್ದೇ ಇದೆ. ನಮ್ಮ ಮನೆಯಲ್ಲಿ ತಂದೆಯ ಕಾಲದಿಂದಲೂ ಅದು ತಪ್ಪಿಲ್ಲ. ಒಂದು ಸಂಜೆ, ಹಳೆಯ ಇಂಧನದ ಚೀಟಿಗಳನ್ನೂ ಜಿಮ್‌ನ ರಸೀದಿಗಳನ್ನೂ ಎದುರಿಗಿಟ್ಟುಕೊಂಡು, ನಾನು ಯಾವ ಯಾವ ವಾರ ವ್ಯಾಯಾಮ ಬಿಟ್ಟೆ ಎಂಬುದನ್ನು ಆ ಪುಸ್ತಕದ ಜೊತೆ ತಾಳೆ ನೋಡಿದೆ. ಆಗಸ್ಟ್ 2018ರ ಭೂಕುಸಿತದ ಸಮಯದಲ್ಲಿ ರಸ್ತೆಗಳೇ ಉಳಿದಿರಲಿಲ್ಲ, ಅದನ್ನು ಬದಿಗಿಡೋಣ. ಉಳಿದ ಎಲ್ಲ ವರ್ಷಗಳಲ್ಲೂ ನಾನು ಬಿಟ್ಟದ್ದು ಎರಡೇ ಸಮಯಗಳಲ್ಲಿ: ಜೂನ್ ಎರಡನೆಯ ವಾರ ಮಳೆ ಹಿಡಿದಾಗ, ಮತ್ತು ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕುಯ್ಲು ಬಿರುಸಾದಾಗ. ಅಲ್ಲಿಯವರೆಗೆ ನನ್ನ ಮನಸ್ಸೇ ಗಟ್ಟಿಯಿಲ್ಲ ಎಂದುಕೊಂಡಿದ್ದೆ. ಪುಸ್ತಕ ನೋಡಿದ ಮೇಲೆ, ಬೆಂಗಳೂರಿನವರಿಗೆಂದು ಬರೆದ ವೇಳಾಪಟ್ಟಿಯನ್ನು ಜುಲೈ ತಿಂಗಳೊಂದರಲ್ಲೇ 40 ಇಂಚು ಸುರಿಯುವ ಊರಿನಲ್ಲಿ ನಡೆಸಲು ಹೊರಟಿದ್ದೆ ಎಂಬುದು ಸ್ಪಷ್ಟವಾಯಿತು.

ಮಳೆಯ ಅಂಕಣದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು, ಅಂದಿನ ವ್ಯಾಯಾಮದ ನಿಮಿಷಗಳನ್ನು ಬರೆಯಲು ಆರಂಭಿಸಿದೆ. ಮಳೆ ಬಾರದ ದಿನವೂ ಸೊನ್ನೆ ಬರೆಯುವಂತೆ ವ್ಯಾಯಾಮ ಇಲ್ಲದ ದಿನವೂ ಸೊನ್ನೆ ಬರೆಯಲೇಬೇಕು ಎಂಬುದೊಂದೇ ನಿಯಮ. ಫೋನಿನ ಆ್ಯಪ್‌ಗಳಲ್ಲಿ ಬಿಟ್ಟ ದಿನ ಖಾಲಿಯಾಗಿ ಉಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಇಲ್ಲಿ ಹಾಗಲ್ಲ. ನಾನು ಮನೆಯಲ್ಲಿಲ್ಲದ ದಿನ ಪುಸ್ತಕ ತುಂಬುವವರು ನಮ್ಮ ರೈಟರ್, ಅಂದರೆ ತೋಟದ ಗುಮಾಸ್ತರು. ಮೊದಲ ತಿಂಗಳು ಅವರು ಏನೂ ಕೇಳಲಿಲ್ಲ. ಆಮೇಲೊಂದು ದಿನ ಫೋನ್ ಮಾಡಿ, "ಮಳೆ ಎರಡು ಇಂಚು ಹತ್ತು ಸೆಂಟು ಸಾರ್, ನಿಮ್ದು ಎಷ್ಟು ಬರೀಲಿ?" ಎಂದು ಕೇಳಿದರು. ಆ ದಿನ ನಾನು ಹೇಳಬೇಕಾಗಿದ್ದದ್ದು ಸೊನ್ನೆ. ಸಂಬಳ ಕೊಡುವವನು ಸಂಬಳ ಪಡೆಯುವವರ ಮುಂದೆ ಸೊನ್ನೆ ಎಂದು ಹೇಳಬೇಕಾದಾಗ ಆಗುವ ಇರುಸುಮುರುಸು ಯಾವ ತರಬೇತುದಾರನ ಬೈಗುಳಕ್ಕೂ ಸಮವಲ್ಲ.

ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ ಸುಲಭದ್ದು. ವಾರಕ್ಕೆ ಎರಡೇ ದಿನ ಜಿಮ್: ಮಂಗಳವಾರ ಬ್ಯಾಂಕಿನ ಕೆಲಸದ ಜೊತೆ, ಶುಕ್ರವಾರ ಮಡಿಕೇರಿಯ ಸಂತೆಯ ಜೊತೆ. ಹೇಗೂ ಜೀಪು ಹೋಗುವ ದಿನಗಳಾದ್ದರಿಂದ ಇಂಧನವನ್ನು ವ್ಯಾಯಾಮದ ಲೆಕ್ಕಕ್ಕೆ ಹಾಕುವುದಿಲ್ಲ. ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವುದು), ಡೆಡ್‌ಲಿಫ್ಟ್ (ಭಾರವನ್ನು ನೆಲದಿಂದ ಎತ್ತಿ ನಿಲ್ಲುವುದು), ಪ್ರೆಸ್ (ಭಾರ ತಳ್ಳುವುದು), ರೋ (ಭಾರ ಎಳೆಯುವುದು) ಇಷ್ಟೇ. ಐವತ್ತು ನಿಮಿಷದಲ್ಲಿ ಹೊರಗೆ. ಕಾರ್ಡಿಯೊಗೆ, ಅಂದರೆ ಎದೆಬಡಿತ ಏರಿಸುವ ವ್ಯಾಯಾಮಕ್ಕೆ, ಮನೆಯ ಹಿಂದಿನ ಏರು ಇದೆ. ಕೆಳಗಿನ ಗೇಟಿನಿಂದ ನೀರಿನ ಟ್ಯಾಂಕ್‌ವರೆಗೆ ವೇಗವಾಗಿ ಹತ್ತಿ, ನಿಧಾನವಾಗಿ ಇಳಿದು, ಮತ್ತೆ ಹತ್ತುವುದು. ಬೆಳಕು ಹರಿಯುವ ಮೊದಲು ಹೋಗುವುದಿಲ್ಲ. ಒಮ್ಮೆ ಐದೂವರೆಗೆ ಹೊರಟು, ದಾರಿಯ ತಿರುವಿನಲ್ಲಿ ಇನ್ನೂ ಹಬೆಯಾಡುತ್ತಿದ್ದ ಆನೆಯ ಲದ್ದಿ ನೋಡಿ ಇಳಿದು ಬಂದ ವೇಗವೇ ನನ್ನ ಈವರೆಗಿನ ದಾಖಲೆ.

ಇಲ್ಲೊಂದು ಪ್ರಯೋಗದ ಮಾತು. ತೋಟ ಸುತ್ತುವುದೇ ವ್ಯಾಯಾಮ, ಬೇರೆ ಏಕೆ ಎಂದು ಕೇಳುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಹತ್ತು ದಿನ ಕೈಗಡಿಯಾರ ಕಟ್ಟಿಕೊಂಡು ತೋಟ ಸುತ್ತಿ ನೋಡಿದೆ. ಎರಡು ಗಂಟೆಯ ಸುತ್ತಿನಲ್ಲಿ ಎದೆಬಡಿತದ ಸರಾಸರಿ 92ರ ಆಸುಪಾಸು. ಅರ್ಧ ಸಮಯ ಗಿಡದ ಮುಂದೆ ನಿಂತು ಮಾತಾಡುವುದರಲ್ಲೇ ಕಳೆದಿತ್ತು. ಅದೇ ಟ್ಯಾಂಕಿನ ಏರಿನಲ್ಲಿ ನಾಲ್ಕನೆಯ ಸುತ್ತಿಗೆ 150 ದಾಟುತ್ತದೆ. ಚಳಿಯಲ್ಲಿ ಮಣಿಕಟ್ಟಿನ ಗಡಿಯಾರವನ್ನು ನಂಬಬಾರದು ಎಂಬುದೂ ಆಗಲೇ ತಿಳಿಯಿತು. ಕೈ ತಣ್ಣಗಾದಾಗ, ಭಾರ ಎತ್ತುವ ಕಬ್ಬಿಣದ ಬಾರ್ ಬಿಗಿಯಾಗಿ ಹಿಡಿದಾಗ ಅದು ಬಾಯಿಗೆ ಬಂದದ್ದನ್ನು ಹೇಳುತ್ತದೆ. ಈಗ ಕತ್ತಿನ ನಾಡಿಯನ್ನು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ.

ಕಷ್ಟವೆಲ್ಲ ಮಳೆಗಾಲದ್ದು. ಜೂನ್ ಹೊತ್ತಿಗೆ ಕಾಫಿ ಮಾರಾಟವಾಗಿ ಗೋಡೌನ್ ಖಾಲಿಯಾಗಿರುತ್ತದೆ. ಮೂವತ್ತಡಿ ಉದ್ದದ ಆ ಸಿಮೆಂಟ್ ನೆಲವನ್ನು ಅಷ್ಟು ವರ್ಷ ಕಣ್ಣೆದುರಿಗಿಟ್ಟುಕೊಂಡು ನಾನು ಮಡಿಕೇರಿಗೆ ಓಡುತ್ತಿದ್ದೆ. ಹಳೆಯ ಬಾರ್ ಮತ್ತು 120 ಕೆ.ಜಿ. ಪ್ಲೇಟ್‌ಗಳನ್ನು 16,000 ರೂಪಾಯಿಗೆ ಕೊಂಡು ಅಲ್ಲಿಟ್ಟೆ. ಮೊದಲ ವರ್ಷ ಸ್ಕಿಪ್ಪಿಂಗ್ ಹಗ್ಗದಾಟವನ್ನೇ ಕಾರ್ಡಿಯೊ ಎಂದು ನಿಶ್ಚಯಿಸಿದ್ದೆ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಥಂಡಿಯಲ್ಲಿ ಸಿಮೆಂಟ್ ನೆಲ ತಾನಾಗಿಯೇ ಬೆವರುತ್ತದೆ ಎಂಬುದು ಗೊತ್ತಿದ್ದೂ, ಗೋಣಿಚೀಲ ಹಾಸಿ ಅದರ ಮೇಲೆ ಹಾರಿದೆ. ಚೀಲ ಜಾರಿತು, ಬಲಗೈ ಊರಿ ಬಿದ್ದೆ, ಮಣಿಕಟ್ಟು ಊದಿತು. ಮೂರು ವಾರ ಬಾರ್ ಮುಟ್ಟಲಾಗಲಿಲ್ಲ. ಆ ಮೂರು ವಾರವೂ ಪುಸ್ತಕದಲ್ಲಿ ಸೊನ್ನೆಯಾಗದಂತೆ, ಗೋಡೌನಿನ ಲೋಡಿಂಗ್ ಕಟ್ಟೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಇಪ್ಪತ್ತಿಪ್ಪತ್ತು ನಿಮಿಷ ಬರೆಸಿದೆ.

ನೆಲದ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ಜಿಮ್‌ನ ರಬ್ಬರ್ ಹಾಸಿಗೆ ಕೇಳಿದ ಬೆಲೆಗೆ ತಲೆ ತಿರುಗಿತ್ತು. ಹಸುಗಳಿಗೆ ಹಾಸುವ ರಬ್ಬರ್ ಮ್ಯಾಟ್ ಒಂದಕ್ಕೆ ಎರಡು ಸಾವಿರದ ಚಿಲ್ಲರೆ. ಆಳೆತ್ತರಕ್ಕಿಂತ ಉದ್ದ, ದಪ್ಪ, ಜಾರದಂತೆ ಮೇಲೆ ಉಬ್ಬುಗಳು, ನಾಲ್ಕು ನೂರು ಕೆ.ಜಿ. ತೂಕದ ಪ್ರಾಣಿ ಎದ್ದು ಮಲಗಿದರೂ ಹರಿಯುವುದಿಲ್ಲ. ನಾಲ್ಕು ತಂದು ಹಾಸಿದೆ. 100 ಕೆ.ಜಿ.ಯ ಡೆಡ್‌ಲಿಫ್ಟ್ ಕೆಳಗಿಟ್ಟರೂ ನೆಲ ಬಿರುಕು ಬಿಟ್ಟಿಲ್ಲ. ಹತ್ತು ದಿನಕ್ಕೊಮ್ಮೆ ಎತ್ತಿ ಅಡಿಭಾಗ ಒರೆಸದಿದ್ದರೆ ಬೂಸಲು ಬರುತ್ತದೆ, ಅಷ್ಟೆ. ಕಾರ್ಡಿಯೊಗೆ ಮಗನ ಹಳೆಯ ಸೈಕಲನ್ನು ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡಿಗೆ ಕೂರಿಸಿದೆ. ಸ್ಟ್ಯಾಂಡಿಗೆ 7,500 ಆಯಿತು. ಕರೆಂಟ್ ಬೇಡ, ಬೋರ್ಡ್ ಇಲ್ಲ. ವಾರಕ್ಕೆ ನಾಲ್ಕು ದಿನ 35 ನಿಮಿಷ. ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಉಸಿರು. ಎಲ್ಲರೂ ಹೇಳುವ ವಾರದ 150 ನಿಮಿಷಕ್ಕೆ ಹತ್ತೇ ಕಡಿಮೆ, ಅದನ್ನು ಭಾನುವಾರದ ಸ್ಕ್ವಾಟ್‌ಗಳಿಂದ ತುಂಬಿದೆಯೆಂದು ಭಾವಿಸಿಕೊಳ್ಳುತ್ತೇನೆ.

ಜುಲೈನಲ್ಲಿ ರಾತ್ರಿ ಒರೆಸಿಟ್ಟ ಬಾರ್ ಬೆಳಿಗ್ಗೆ ಹಿಡಿದರೆ ಅಂಗೈಯಲ್ಲಿ ಕೆಂಪು ಪುಡಿ. ತೆಂಗಿನೆಣ್ಣೆ ಹಚ್ಚಿದರೆ ಕೈ ಜಾರುತ್ತದೆ, ಗ್ರೀಸ್ ಆಗುವುದೇ ಇಲ್ಲ. ಈಗ ಮನೆಯಲ್ಲೇ ಸಿಗುವ ಎರಡು ಪದಾರ್ಥ ಕಲಸಿ ಹಚ್ಚುತ್ತೇನೆ, ಎರಡು ಮಳೆಗಾಲ ತುಕ್ಕಿಲ್ಲ; ಅದು ಯಾವುದೆಂದು ಸದ್ಯಕ್ಕೆ ಹೇಳಲಾರೆ, ಬಾವನಿಗೂ ಹೇಳಿಲ್ಲ. ಶೂ ಒಣಗಿಸಲು ಒಲೆಯ ಮೇಲಿನ ಅಟ್ಟದಲ್ಲಿಟ್ಟ ಪ್ರಯೋಗವಂತೂ ಸೋತಿತು. 4,200 ರೂಪಾಯಿಯ ಜೋಡಿಯ ಅಂಟು ಬಿಸಿಗೆ ಕರಗಿ ಅಟ್ಟೆ ಕಳಚಿತು. ಉಳಿದ ಭಾಗಕ್ಕೆ ಹೊಗೆಗಿಟ್ಟ ಹಂದಿಮಾಂಸದ ವಾಸನೆ. ಈಗ ಹಳೆಯ ಪತ್ರಿಕೆ ತುರುಕಿ ಎರಡು ಸಲ ಬದಲಿಸುತ್ತೇನೆ.

ಕುಯ್ಲಿನ ತಿಂಗಳುಗಳ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಮಾಡುವುದೇ ಕಡಿಮೆ. ಸಂಜೆ ಹಣ್ಣಿನ ತೂಕ ಮುಗಿದು, ಲೆಕ್ಕ ಬರೆದು ಏಳುವಾಗ ಏಳು ಗಂಟೆ. ಆ ಮೂರು ತಿಂಗಳು ನಾಲ್ಕು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ, ಎರಡೇ ಬಗೆ, ಒಂದೊಂದು ಬಗೆಗೂ ಎರಡೇ ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಸರದಿ). ಆದರೆ ಭಾರ ಮಾತ್ರ ಇಳಿಸುವುದಿಲ್ಲ. ನಡುವೆ ಒಂದೆರಡು ದಿನ ಹತ್ತು ಹದಿನೈದು ನಿಮಿಷ ಸೈಕಲ್. ತರಬೇತುದಾರ ಹುಡುಗನಿಗೆ ಹೆಚ್ಚು ಅನುಮಾನವಿದ್ದದ್ದು ಇದರ ಮೇಲೆಯೇ. ಮೊದಲ ವರ್ಷ ನಾನು ಬುದ್ಧಿವಂತಿಕೆಯಿಂದ ಸೆಟ್ ಉಳಿಸಿಕೊಂಡು ಭಾರ ಇಳಿಸಿದ್ದೆ. ಮಾರ್ಚ್‌ನಲ್ಲಿ ಡೆಡ್‌ಲಿಫ್ಟ್ ಹದಿನೈದು ಕೆ.ಜಿ. ಕುಸಿದಿತ್ತು. ಮರುವರ್ಷ ಭಾರ ಉಳಿಸಿಕೊಂಡು ಸೆಟ್ ಇಳಿಸಿದೆ, ಮಾರ್ಚ್‌ನಲ್ಲಿ ಐದು ಕೆ.ಜಿ.ಯೂ ಕಡಿಮೆಯಾಗಿರಲಿಲ್ಲ. ಹುಡುಗ ಈಗ ತನ್ನ ಸದಸ್ಯರಿಗೂ ಇದನ್ನೇ ಹೇಳುತ್ತಿದ್ದಾನೆ ಎಂದು ಕೇಳಿದೆ.

ನೆನಪಿನಿಂದ ಅಂಕಿಗಳು: ತೂಕ 86ರಿಂದ 79, ಬೆಳಿಗ್ಗೆ ಏಳುವಾಗಿನ ನಾಡಿ 78ರಿಂದ 61ರ ಸುತ್ತಮುತ್ತ, ಡೆಡ್‌ಲಿಫ್ಟ್ 60ರಿಂದ 115, ಟ್ಯಾಂಕಿನ ಏರು ಒಂಬತ್ತು ನಿಮಿಷದಿಂದ ಆರೂವರೆ. ಗೋಡೌನಿಗೆ ಒಟ್ಟು ಖರ್ಚು 33,000 ಮೀರಿಲ್ಲ, ಅಂದರೆ ಆ ಟ್ರೆಡ್‌ಮಿಲ್‌ಗಿಂತ ಕಡಿಮೆ. ಜಿಮ್‌ಗೆ ಈಗ ಹೋಗುವ ತಿಂಗಳುಗಳಿಗೆ ಮಾತ್ರ ಹಣ ಕೊಡುತ್ತೇನೆ. ಮಾಲೀಕರನ್ನು ಹೇಗೆ ಒಪ್ಪಿಸಿದೆ ಎಂದು ಬರೆದರೆ ನಾಳೆ ಎಲ್ಲರೂ ಅದನ್ನೇ ಕೇಳಿ ಅವರಿಗೆ ತೊಂದರೆಯಾಗುತ್ತದೆ.

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯಲ್ಲಿ ನಮ್ಮ ಕುಟುಂಬದ ತಂಡಕ್ಕೆ ನಾನೂ ಆಗಾಗ ಇಳಿದವನೇ. ಹಿಂದೊಮ್ಮೆ ಹತ್ತು ನಿಮಿಷಕ್ಕೆ ತೊಡೆಯ ಹಿಂಭಾಗ ಹಿಡಿದುಕೊಂಡು ಹೊರಬಂದಾಗ ಮೈದಾನದ ಬದಿಯಲ್ಲಿ ನೀರು ಹಿಡಿದು ನಿಂತಿದ್ದವರು ಇದೇ ಬಾವ. ಈ ಬೇಸಿಗೆಯಲ್ಲಿ ಕೊನೆಯ ಶಿಳ್ಳೆಯವರೆಗೂ ಓಡಿದೆ. ಪಂದ್ಯ ಸೋತೆವು, ಅದು ಬೇರೆ ಮಾತು. ಮರುವಾರ ಬಾವ ಗೋಡೌನಿಗೆ ಬಂದು, ಸೈಕಲನ್ನೂ ಮ್ಯಾಟನ್ನೂ ಸುತ್ತ ನೋಡಿ, ಬಾರ್ ಮೇಲೆ ಬೆರಳಾಡಿಸಿ ಮೂಸಿದರು. ಏನು ಹಚ್ಚಿದ್ದೇನೆಂದು ಗೊತ್ತಾಗಲಿಲ್ಲ. ಹೋಗುವಾಗ ಮ್ಯಾಟ್ ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಿದರು, ಹಸುವಿಗೆ ಬೇಕಂತೆ. ಅವರ ಮನೆಯಲ್ಲಿ ಹಸು ಮಾರಿ ನಾಲ್ಕು ವರ್ಷವಾಯಿತು.