ಜಾಯಿನಿಂಗ್ ಬೋನಸ್ ಲೆಕ್ಕ: ಯಾವುದನ್ನು ಹಿಡಿದೆ, ಯಾವುದನ್ನು ಬಿಟ್ಟೆ

ಮೊದಲು ಅಂಕಿ ಹೇಳಿಬಿಡ್ತೀನಿ. ಕಳೆದ ಮೂರ್ನಾಲ್ಕು ವರ್ಷದಲ್ಲಿ ಹೊಸ ಕ್ರೆಡಿಟ್ ಕಾರ್ಡ್, ಉಳಿತಾಯ ಖಾತೆ, ಡಿಮ್ಯಾಟ್ (ಷೇರು ಇಡೋ ಖಾತೆ) ತೆರೆದದ್ದಕ್ಕೆ ಅಂತಲೇ ಸಿಕ್ಕ ಹಣ, ಎಲ್ಲ ಖರ್ಚು ಕಳೆದ ಮೇಲೆ, ₹40,000 ಆಸುಪಾಸು. ನನ್ನದೂ ಹೆಂಡತಿಯದೂ ಸೇರಿ. ಸಿಬಿಲ್ ಸ್ಕೋರ್ (ಸಾಲ ಕೊಡೋ ಮುಂಚೆ ಬ್ಯಾಂಕ್ ನೋಡೋ ಅಂಕ) ಇಬ್ಬರದೂ 780ರ ಮೇಲೇ ಇದೆ. ಬ್ಯಾಂಕಿನಲ್ಲೇ ಕೆಲಸ ಮಾಡೋ ನಮ್ಮ ಭಾವ ಶುರುವಿನಲ್ಲಿ, "ಬಿಟ್ಟಿ ಯಾರೂ ಕೊಡಲ್ಲ ಕಣಯ್ಯಾ, ಒಂದು ಕೈಲಿ ಕೊಟ್ಟು ಎರಡು ಕೈಲಿ ಕಿತ್ಕೋತಾರೆ" ಅಂದಿದ್ದರು. ಅರ್ಧ ನಿಜ. ಬರೋ ಆಫರ್‌ಗಳಲ್ಲಿ ಹತ್ತಕ್ಕೆ ಎಂಟು ಹಾಗೇ ಇರ್ತವೆ. ಉಳಿದ ಎರಡನ್ನು ಆರಿಸೋದರಲ್ಲೇ ಇರೋದು ಕಸುಬು. ಹೋದ ದೀಪಾವಳಿಗೆ ಮನೆಗೆ ಬಂದಾಗ ಅದೇ ಭಾವ, "ನಿನ್ನ ಆ ಎಕ್ಸೆಲ್ ಶೀಟ್ ನಂಗೂ ಕಳಿಸಯ್ಯಾ" ಅಂದರು. ಶೀಟ್ ಕೊಟ್ಟರೆ ಅರ್ಥ ಆಗಲ್ಲ, ಅದಕ್ಕೇ ಬರೆದಿದ್ದೀನಿ.

ಕಾರ್ಡ್ ಬಿಲ್ಲಿನ ಪೂರ್ತಿ ಹಣದ ಬದಲು ಮಿನಿಮಮ್ ಡ್ಯೂ ಅಷ್ಟೇ ಕಟ್ಟಿ ತಿಂಗಳು ತಳ್ಳೋರು ಇಲ್ಲಿಗೇ ನಿಲ್ಲಿಸಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಹತ್ತಿರ ಬಡ್ಡಿ ಬೀಳೋ ಕಡೆ ಯಾವ ಬೋನಸ್ಸೂ ನಿಲ್ಲಲ್ಲ.

ನಾನು ಮಾಡೋ ಲೆಕ್ಕ ಇಷ್ಟು. ಬೋನಸ್ ನನ್ನ ಕೈಗೆ ರೂಪಾಯಿಯಾಗಿ ಎಷ್ಟು ಬರುತ್ತೆ ನೋಡ್ತೀನಿ. ಅದರಲ್ಲಿ ಜಿಎಸ್‌ಟಿ ಸಮೇತ ಶುಲ್ಕ, ಖಾತೆಯಲ್ಲಿ ಸಿಕ್ಕಿಹಾಕಿಕೊಂಡ ಹಣದ ಬಡ್ಡಿ, ಕೊನೆಗೆ ಹೊರಗೆ ಬರೋಕೆ ಆಗೋ ಖರ್ಚು, ಮೂರನ್ನೂ ಕಳೀತೀನಿ. ಉಳಿದದ್ದನ್ನು ಅದಕ್ಕೆ ಹೋಗೋ ಗಂಟೆಗಳಿಂದ ಭಾಗಿಸ್ತೀನಿ. ಗಂಟೆಗೆ ₹500 ಬೀಳದಿದ್ದರೆ ಆ ಕಡೆ ತಿರುಗಿಯೂ ನೋಡಲ್ಲ. ₹500 ಯಾಕೆ ಅಂದರೆ ಉತ್ತರ ಇಲ್ಲ, ಭಾನುವಾರದ ನನ್ನ ಸಮಯಕ್ಕೆ ನಾನೇ ಕಟ್ಟಿಕೊಂಡ ಬೆಲೆ.

ಎಲ್ಲರೂ ಬೀಳೋದು ಮೊದಲ ಹೆಜ್ಜೆಯಲ್ಲೇ. "5,000 ವೆಲ್ಕಮ್ ಪಾಯಿಂಟ್" ಅಂತ ದಪ್ಪಕ್ಷರದಲ್ಲಿ ಹಾಕಿದ ಒಂದು ಕಾರ್ಡ್ ನೋಡಿದೆ. ಜಾಯಿನಿಂಗ್ ಫೀ ₹1,000. ಅದಕ್ಕೆ 18% ಜಿಎಸ್‌ಟಿ, ಒಟ್ಟು ₹1,180. ಪಾಯಿಂಟನ್ನು ಬಿಲ್ಲಿಗೆ ಹೊಂದಿಸಿಕೊಂಡರೆ ಒಂದಕ್ಕೆ 25 ಪೈಸೆ, ಅಂದರೆ 5,000 ಪಾಯಿಂಟಿಗೆ ₹1,250. ಅಲ್ಲಿಗೂ ₹70 ಉಳೀತಲ್ಲ ಅಂತೀರಾ? ಪಾಯಿಂಟನ್ನು ಹಣವಾಗಿಸೋಕೆ ರಿಡೆಂಪ್ಶನ್ ಫೀ ಅಂತ ₹99, ಅದಕ್ಕೂ ಜಿಎಸ್‌ಟಿ ಸೇರಿ ₹117. ನಿವ್ವಳ 47 ರೂಪಾಯಿ ಕೈಯಿಂದ ಹೋಯ್ತು. ವಿಮಾನದ ಮೈಲಿಗೆ ಬದಲಿಸಿದರೆ ಹೆಚ್ಚು ಬೆಲೆ ಬರುತ್ತೆ ಅನ್ನೋದು ಗೊತ್ತು. ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತೋರಿಗೆ ಅದು ಸರಿ. ನಮ್ಮ ಮನೆಯವರು ಹತ್ತೋದು ರೈಲು.

ವೋಚರ್‌ಗೂ ಇದೇ ಕಥೆ. ನಾವು ಹೇಗೂ ದಿನಸಿ ತರಿಸೋ ಕಡೆಯದಾದರೆ ನೂರಕ್ಕೆ 95 ಹಾಕ್ತೀನಿ. ಬಟ್ಟೆ, ವಾಚು, ಸುಗಂಧದ ಬ್ರ್ಯಾಂಡ್ ಆದರೆ 50. "ಕನಿಷ್ಠ ₹5,000 ಖರೀದಿ ಮೇಲೆ ₹1,000 ರಿಯಾಯಿತಿ" ಅಂತಿದ್ದರೆ ಸೊನ್ನೆ. ಅದನ್ನು ನಾನು ಬೋನಸ್ ಅಂತ ಲೆಕ್ಕಕ್ಕೇ ಹಿಡಿಯಲ್ಲ, ಜಾಹೀರಾತು ಅಂತ ಪಕ್ಕಕ್ಕಿಡ್ತೀನಿ.

ಉಳಿತಾಯ ಖಾತೆಯ ಬೋನಸ್ ನನ್ನನ್ನು ತುಂಬಾ ದಿನ ಸತಾಯಿಸಿತು. ಆಫರ್ ಹೀಗಿತ್ತು: ಮೂರು ತಿಂಗಳು ₹25,000 ಸರಾಸರಿ ಇಟ್ಟರೆ ₹1,000. ಎಫ್‌ಡಿಯಲ್ಲಿ 7% ಸಿಗೋ ಕಾಲ, ಉಳಿತಾಯ ಖಾತೆಯಲ್ಲಿ ಎರಡೂವರೆ. ನಾಲ್ಕೂವರೆ ಪರ್ಸೆಂಟ್ ವ್ಯತ್ಯಾಸ, ಮೂರು ತಿಂಗಳಿಗೆ ₹280 ನಷ್ಟ. ಡೆಬಿಟ್ ಕಾರ್ಡ್ ಶುಲ್ಕ ₹250, ತೆರಿಗೆ ಸೇರಿ ₹295. ಉಳಿದದ್ದು ₹425. ಇಷ್ಟರವರೆಗೆ ಪರವಾಗಿಲ್ಲ. ಆದರೆ ತೆರೆದ ಎರಡು ವಾರ ದಾಟಿದ ಮೇಲೆ, ವರ್ಷದೊಳಗೆ ಖಾತೆ ಮುಚ್ಚಿದರೆ ₹500 ಮತ್ತು ಜಿಎಸ್‌ಟಿ. ಅಲ್ಲಿಗೆ ₹590 ಹೋಗಿ ಲೆಕ್ಕ ತಲೆಕೆಳಗಾಯ್ತು. ವರ್ಷ ಮುಗಿಯೋವರೆಗೆ ಇಟ್ಟುಕೊಳ್ಳೋಣ ಅಂದರೆ ಕನಿಷ್ಠ ಸರಾಸರಿ ₹10,000 ಇರಬೇಕು. ಇಲ್ಲದಿದ್ದರೆ ದಂಡ.

ಇದನ್ನು ಬಿಡಿಸಿದ್ದು ಸರಾಸರಿಯ ಲೆಕ್ಕವೇ. ತಿಂಗಳ ಸರಾಸರಿ ಅಂದರೆ ಪ್ರತಿ ದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳಿಂದ ಭಾಗಿಸಿದ್ದು. ₹10,000 ಸರಾಸರಿ ಬೇಕೆಂದರೆ ಮೂವತ್ತು ದಿನದ ಮೊತ್ತ ₹3,00,000 ಆಗಬೇಕು. ಅದನ್ನು ದಿನಾ ₹10,000 ಇಟ್ಟೇ ತುಂಬಿಸಬೇಕು ಅಂತ ಎಲ್ಲೂ ಇಲ್ಲ. ₹30,000 ಹತ್ತು ದಿನ ಇಟ್ಟರೂ ಅದೇ ಮೊತ್ತ. ಒಂದನೇ ತಾರೀಕು ಸಂಬಳ ಬರುತ್ತೆ, ಕಾರ್ಡ್ ಬಿಲ್ ಮತ್ತು ಇಎಂಐ ಹೋಗೋದು ಹನ್ನೊಂದು ಹನ್ನೆರಡಕ್ಕೆ. ಆ ಹತ್ತು ದಿನ ಹಣ ಹೇಗೂ ಸಂಬಳದ ಖಾತೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ಅದನ್ನು ಒಂದನೇ ತಾರೀಕು ಸಂಜೆಯೇ ಹೊಸ ಖಾತೆಗೆ ಕಳಿಸಿ, ಹನ್ನೊಂದಕ್ಕೆ ವಾಪಸ್ ತರ್ತೀನಿ. ಅಲ್ಲಿಗೆ ಸಿಕ್ಕಿಹಾಕಿಕೊಂಡ ಹಣದ ಖರ್ಚು ಸೊನ್ನೆಯ ಹತ್ತಿರ. ಮೂವತ್ತೊಂದು ದಿನದ ತಿಂಗಳಲ್ಲಿ ಒಂದು ದಿನ ಹೆಚ್ಚು ಬಿಡಿ. ಗಮನಿಸಿ, ಕೆಲವು ಕಡೆ ಸರಾಸರಿ ತಿಂಗಳದ್ದಲ್ಲ, ತ್ರೈಮಾಸಿಕದ್ದು. ಅಲ್ಲಿ ಮೊತ್ತ ₹9,00,000ಕ್ಕೆ ಹೋಗುತ್ತೆ, ಆದರೆ ಹಂಚೋಕೆ ಮೂರು ತಿಂಗಳು ಸಿಗುತ್ತೆ. ನನಗೆ ಅದೇ ಇನ್ನೂ ಸಲೀಸು, ಎಫ್‌ಡಿ ಮೆಚ್ಯೂರ್ ಆದ ವಾರವನ್ನು ಅಲ್ಲಿ ಬಳಸಿಕೊಳ್ತೀನಿ.

ಕಾರ್ಡಿನಲ್ಲಿ ದೊಡ್ಡ ಅಡ್ಡಿ ಅಂದರೆ "60 ದಿನದಲ್ಲಿ ₹50,000 ಖರ್ಚು ಮಾಡಿ" ಅನ್ನೋ ಷರತ್ತು. ಬೋನಸ್ ಆಸೆಗೆ ಬೇಡದ ಸಾಮಾನು ಕೊಂಡರೆ ಬ್ಯಾಂಕೇ ಗೆದ್ದ ಹಾಗೆ. ನಾನು ಅರ್ಜಿ ಹಾಕೋದೇ ದೊಡ್ಡ ಖರ್ಚು ಎದುರಿಗಿದ್ದಾಗ: ಆರೋಗ್ಯ ವಿಮೆ ಪ್ರೀಮಿಯಂ, ಮಗಳ ಶಾಲೆ ಫೀ, ಕಾರಿನ ಸರ್ವೀಸು. ಆದರೂ ಎಂಐಟಿಸಿ (ಕಾರ್ಡಿನ ಮುಖ್ಯ ಷರತ್ತುಗಳ ಪಟ್ಟಿ) ಪಿಡಿಎಫ್ ತೆಗೆದು ಯಾವ ಖರ್ಚು ಎಣಿಕೆಗೆ ಬರಲ್ಲ ಅಂತ ಓದಲೇಬೇಕು. ಪೆಟ್ರೋಲು, ಬಾಡಿಗೆ, ವ್ಯಾಲೆಟ್ ಲೋಡ್ ಬಹುತೇಕ ಕಡೆ ಹೊರಗೆ. ಇತ್ತೀಚೆಗೆ ವಿಮೆ, ಶಾಲೆ ಫೀ ಕೂಡ ಕೆಲವರು ಹೊರಗಿಟ್ಟಿದ್ದಾರೆ. ಬಾಡಿಗೆಯನ್ನು ಕಾರ್ಡಲ್ಲಿ ಕಟ್ಟಿದರೆ ಹಲವು ಕಡೆ 1% ಶುಲ್ಕ ಬೇರೆ.

ಇಷ್ಟೆಲ್ಲ ಆದ ಮೇಲೂ ಬೋನಸ್ ಬರದೆ ಹೋಗಿದ್ದು ಉಂಟು. ಒಂದು ಖಾಸಗಿ ಬ್ಯಾಂಕಿನ ಕಾರ್ಡಿಗೆ ₹2,000 ವೋಚರ್ ಬರಬೇಕಿತ್ತು. ಎರಡು ತಿಂಗಳಾಯ್ತು, ಮೂರಾಯ್ತು. ಕಸ್ಟಮರ್ ಕೇರ್‌ನವರು, "ಸರ್, ಆ ಕ್ಯಾಂಪೇನ್ ನಿಮಗೆ ಅನ್ವಯ ಆಗಲ್ಲ" ಅಂದರು. ಅರ್ಜಿ ಹಾಕೋ ದಿನ ಆಫರ್ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳೋದು ನನ್ನ ಅಭ್ಯಾಸ. ಅದನ್ನು ಹಚ್ಚಿ ದೂರು ಬರೆದೆ, ಮೂವತ್ತು ದಿನ ಕಾದೆ, ಆಮೇಲೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹಾಕಿದೆ. 2021ರ ನವೆಂಬರಿನಿಂದ ಎಲ್ಲದಕ್ಕೂ ಒಂದೇ ಪೋರ್ಟಲ್ ಇದೆ, ಶುಲ್ಕ ಇಲ್ಲ. ದೂರು ಸಂಖ್ಯೆ ಬಂದ ವಾರದೊಳಗೆ ಬ್ಯಾಂಕಿನವರೇ ಫೋನ್ ಮಾಡಿ ₹2,000 ಬಿಲ್ಲಿಗೆ ಜಮಾ ಮಾಡಿದರು. ವೋಚರ್ ಬದಲು ನಗದೇ ಸಿಕ್ಕಿತು, ಇನ್ನೂ ಒಳ್ಳೇದಾಯ್ತು. ಹಾಗಂತ ಗಂಟೆ ಲೆಕ್ಕ ಹಾಕಿದರೆ ಅದು ನನ್ನ ₹500 ಗೆರೆಗಿಂತ ಕೆಳಗೇ. ಅದನ್ನು ಹಠಕ್ಕೆ ಮಾಡಿದ್ದು.

ಮುಚ್ಚೋದರಲ್ಲಿ ಕಾರ್ಡು ಖಾತೆಗಿಂತ ಸುಲಭ. ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನದೊಳಗೆ ಕಾರ್ಡ್ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ಗ್ರಾಹಕನಿಗೆ ಕೊಡಬೇಕು ಅಂತ ಆರ್‌ಬಿಐ 2022ರಲ್ಲಿ ನಿಯಮ ಮಾಡಿದೆ. ಹೀಗಾಗಿ ಫೋನಲ್ಲಿ ಕೇಳಿಕೊಳ್ಳೋದು ಬಿಟ್ಟು ಮೇಲ್‌ನಲ್ಲೇ ಬರೀತೀನಿ, ತಾರೀಕು ದಾಖಲಾಗುತ್ತೆ. ಒಂದು ಕಡೆ ತಡಮಾಡಿದರು. ನಿಯಮದ ಸಾಲು ಎತ್ತಿ ಬರೆದ ಮೇಲೆ ಎರಡು ಸಾವಿರದಷ್ಟು ದಂಡದ ಹಣ ಬಂತು. ಆ ಕಾರ್ಡಿನ ಬೋನಸ್ಸೇ ಅದಕ್ಕಿಂತ ಕಡಿಮೆ ಇತ್ತು! ಆದರೆ ಬಾಕಿ ಅಂದರೆ ಮೂರು ರೂಪಾಯಿ ಉಳಿದಿದ್ದರೂ ಬಾಕಿಯೇ. ಇನ್ನೂ ಬಿಲ್ಲಿಗೆ ಬಾರದ ಜಿಎಸ್‌ಟಿ ಚಿಲ್ಲರೆ ಏನಾದರೂ ಇದೆಯಾ ಕೇಳಿ, ಕಟ್ಟಿ, ಆಮೇಲೆ ಮೇಲ್ ಮಾಡಿ.

ಇನ್ನೊಂದು ನಿಯಮ ಕಡಿಮೆ ಜನಕ್ಕೆ ಗೊತ್ತು. ಕಾರ್ಡ್ ಬಂದು ಮೂವತ್ತು ದಿನವಾದರೂ ಆಕ್ಟಿವೇಟ್ ಮಾಡದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಕೊಡದಿದ್ದರೆ ಖರ್ಚಿಲ್ಲದೆ ಮುಚ್ಚಬೇಕು. ಕಿಟ್ಟಿನ ಜೊತೆ ಬಂದ ಷರತ್ತು ಜಾಹೀರಾತಿಗೆ ತಾಳೆಯಾಗದ ಒಂದು ಕಾರ್ಡನ್ನು ಹೀಗೇ ಕೈಬಿಟ್ಟೆ. ಸಿಬಿಲ್‌ನಲ್ಲಿ ಎನ್‌ಕ್ವೈರಿ (ಅರ್ಜಿ ಹಾಕಿದಾಗ ಬ್ಯಾಂಕ್ ನಮ್ಮ ದಾಖಲೆ ನೋಡಿದ ಗುರುತು) ಮಾತ್ರ ಉಳಿಯಿತು.

ಸಿಬಿಲ್ ವಿಷಯಕ್ಕೆ ಬಂದರೆ, ಆಫೀಸಿನಲ್ಲಿ ಎಲ್ಲರೂ ಹೆದರಿಸಿದ್ದು ಇದರ ಬಗ್ಗೆಯೇ. ಹಾಗಾಗಿ ಒಂದು ಪ್ರಯೋಗ ಮಾಡಿದೆ. ಒಂದು ಮೂರು ತಿಂಗಳ ಅವಧಿಯಲ್ಲಿ ನನ್ನ ಹೆಸರಲ್ಲಿ ಮೂರು ಅರ್ಜಿ, ಹೆಂಡತಿ ಹೆಸರಲ್ಲಿ ಒಂದೇ. ನನ್ನದು ಹದಿನೈದು ಇಪ್ಪತ್ತು ಅಂಕ ಇಳಿಯಿತು, ಅವಳದು ನಾಲ್ಕೈದು. ಆರೇಳು ತಿಂಗಳಲ್ಲಿ ಎರಡೂ ಮೊದಲಿನ ಜಾಗಕ್ಕೆ ಬಂದವು. ನಂದು ಸ್ವಲ್ಪ ಮೇಲೇ ಹೋಯ್ತು, ಒಟ್ಟು ಲಿಮಿಟ್ ಹೆಚ್ಚಾಗಿ ಬಳಕೆಯ ಪ್ರಮಾಣ ಇಳಿದಿದ್ದಕ್ಕೆ ಇರಬಹುದು. ಹಾಗಂತ ಮನೆ ಸಾಲದ ಅರ್ಜಿ ಹಾಕೋ ಆರು ತಿಂಗಳ ಮುಂಚೆ ಈ ಆಟ ಪೂರ್ತಿ ನಿಲ್ಲಿಸಿ. ಮೂವತ್ತು ಲಕ್ಷದ ಸಾಲಕ್ಕೆ ಕಾಲು ಪರ್ಸೆಂಟ್ ಬಡ್ಡಿ ಏರಿದರೂ ಮೊದಲ ವರ್ಷವೇ ₹7,500 ಹತ್ತಿರ ಹೋಗುತ್ತೆ. ರಿಜೆಕ್ಟ್ ಆದ ಅರ್ಜಿ ಇನ್ನೂ ಕೆಟ್ಟದ್ದು, ಎನ್‌ಕ್ವೈರಿ ಬೀಳುತ್ತೆ, ಕಾರ್ಡು ಬರಲ್ಲ. ಅದಕ್ಕೇ ಈಗ ಖಾತೆ ಇರೋ ಬ್ಯಾಂಕಿನ ಆ್ಯಪ್‌ನಲ್ಲಿ ಪ್ರೀ-ಅಪ್ರೂವ್ಡ್ ಅಂತ ಕಂಡರಷ್ಟೇ ಕೈ ಹಾಕೋದು.

ಡಿಮ್ಯಾಟ್ ಬೋನಸ್ ನನಗೆ ಒಗ್ಗಲಿಲ್ಲ. ಕಾರಣ ಬಿಎಸ್‌ಡಿಎ, ಅಂದರೆ ಸಣ್ಣ ಹೂಡಿಕೆದಾರರಿಗಿರೋ ಕಡಿಮೆ ಶುಲ್ಕದ ಡಿಮ್ಯಾಟ್. 2024ರ ಸೆಪ್ಟೆಂಬರಿನಿಂದ ₹4 ಲಕ್ಷದವರೆಗಿನ ಹೋಲ್ಡಿಂಗ್‌ಗೆ ಈ ಬಗೆಯ ಖಾತೆಯಲ್ಲಿ ವಾರ್ಷಿಕ ಶುಲ್ಕ ಇಲ್ಲ. ಆದರೆ ನಮ್ಮ ಹೆಸರು ಮೊದಲಿರೋ ಡಿಮ್ಯಾಟ್ ಒಂದೇ ಇರಬೇಕು. ₹500 ಬ್ರೋಕರೇಜ್ ಕ್ರೆಡಿಟ್ ಆಸೆಗೆ ಎರಡನೇದು ತೆರೆದರೆ ಮೊದಲನೇದರ ವಿನಾಯಿತಿ ಹೋಗುತ್ತೆ. ವರ್ಷಕ್ಕೆ ₹300 ಮತ್ತು ಜಿಎಸ್‌ಟಿ ಅಂದರೂ ₹354, ಎರಡನೇ ವರ್ಷಕ್ಕೇ ಬೋನಸ್ ತಿಂದುಹಾಕುತ್ತೆ. ಕ್ರೆಡಿಟ್ ಬಳಸೋಕೆ ಟ್ರೇಡ್ ಬೇರೆ ಮಾಡಬೇಕು. ನಾನು ತೆರೆದಿದ್ದು ಹೆಂಡತಿ ಹೆಸರಲ್ಲಿ, ಅವಳಿಗೆ ಅದೇ ಮೊದಲ ಡಿಮ್ಯಾಟ್. ಅಷ್ಟಕ್ಕೇ ಮುಗಿಸಿದೆ. ಯುಪಿಐ ಆ್ಯಪ್‌ಗಳ ಸ್ಕ್ರ್ಯಾಚ್ ಕಾರ್ಡ್ ಬಗ್ಗೆ ಬರೆಯೋಕೆ ಏನೂ ಇಲ್ಲ. ಬಹುಮಾನ ಪಡೆಯೋಕೆ ಪಿನ್ ಹಾಕಿ ಅಂದರೆ ಮಾತ್ರ ಆ ಕ್ಷಣವೇ ಮುಚ್ಚಿ, ಪಿನ್ ಇರೋದು ಹಣ ಕಳಿಸೋಕೆ.

ನಮ್ಮ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಇಬ್ಬರೂ ಸರದಿಯಲ್ಲಿ ಆಡಿದ್ದರಿಂದ. ಮೊದಲು ನಾನು ಕಾರ್ಡ್ ತಗೊಂಡು ಬೋನಸ್ ಬಿದ್ದ ಮೇಲೆ ಅವಳಿಗೆ ನನ್ನ ರೆಫರಲ್ ಲಿಂಕ್. ಅವಳಿಗೂ ಜಾಯಿನಿಂಗ್ ಬೋನಸ್, ನನಗೂ ರೆಫರಲ್ ಹಣ. ಒಟ್ಟಿಗೆ ಹಾಕಿದರೆ ಖರ್ಚು ಹಂಚಿಹೋಗಿ ಯಾರ ಷರತ್ತೂ ತುಂಬಲ್ಲ. ವರ್ಷದಲ್ಲಿ ಯಾವ ತಿಂಗಳು ಬೋನಸ್ ದೊಡ್ಡದಾಗುತ್ತೆ, ಮುಚ್ತೀನಿ ಅಂದಾಗ ಅವರು ಏನು ಕೊಡ್ತಾರೆ, ಇವೆರಡನ್ನೂ ನಾನು ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ವರ್ಷ ಆ ದಾರಿ ಇರಲ್ಲ. ಭಾವನಿಗೂ ಹೇಳಿಲ್ಲ.

ಸದ್ಯ ಶೀಟಿನಲ್ಲಿ ಒಂದೇ ಸಾಲು ತೆರೆದಿದೆ. ಫೀ ಇಲ್ಲದ ಒಂದು ಕಾರ್ಡು, ದಿನಸಿ ವೋಚರ್ ₹1,500, ಷರತ್ತು 45 ದಿನದಲ್ಲಿ ₹30,000. ವಿಮೆ ಎಣಿಕೆಗೆ ಬರುತ್ತೆ ಅಂತ ಎಂಐಟಿಸಿಯಲ್ಲಿದೆ. ನಮ್ಮ ಪ್ರೀಮಿಯಂ ಬೀಳೋದು ಮುಂದಿನ ತಿಂಗಳ ಇಪ್ಪತ್ತಕ್ಕೆ, ಕಾರ್ಡ್ ಬರೋಕೆ ಹತ್ತು ದಿನ ಅಂತ ಹಿಡಿದು ಅರ್ಜಿಯನ್ನು ಐದಕ್ಕೆ ಹಾಕ್ತೀನಿ.