ರೌಟರ್‌ಗೆ ಡಿಸ್ಕ್ ಚುಚ್ಚುವ ಮುಂಚೆ: ಹೊಸದಾಗಿ ಬಂದವರಿಗೆ

ಹೊಸ ದೇಶಕ್ಕೆ ಬಂದು ಮನೆ ಹಿಡಿದ ಮೇಲೆ ಮೊದಲು ಹಾಕಿಸುವುದು ಇಂಟರ್ನೆಟ್. ರೌಟರ್ ಬರುತ್ತದೆ, ದೀಪ ಹತ್ತುತ್ತದೆ, ಫೋನಿಗೆ ವೈಫೈ ಸಿಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಅಂತ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೆಲವು ವಾರ ಕಳೆದ ಮೇಲೆ ಅದರ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇರುವುದು ಕಣ್ಣಿಗೆ ಬೀಳುತ್ತದೆ. ಸೂಟ್‌ಕೇಸಿನಲ್ಲಿ ತಂದ ಹಾರ್ಡ್ ಡಿಸ್ಕನ್ನು ಅಲ್ಲಿಗೆ ಚುಚ್ಚಿದರೆ ಮನೆಯವರೆಲ್ಲ ಫೋಟೋ ನೋಡಬಹುದಲ್ವಾ ಅನ್ನಿಸುತ್ತದೆ. ಖಂಡಿತ ನೋಡಬಹುದು, ತುಂಬಾ ಅನುಕೂಲದ ಏರ್ಪಾಡು ಅದು. ಆದರೆ ಆ ಕ್ಷಣದಿಂದ ರೌಟರ್ ನಿಮ್ಮ ಮನೆಯ ಬೀರು ಆಗುತ್ತದೆ. ಹೊಸದಾಗಿ ಬಂದವರ ಡಿಸ್ಕ್‌ನಲ್ಲಿ ಏನಿರುತ್ತದೆ ನೋಡಿ: ಪಾಸ್‌ಪೋರ್ಟ್ ಸ್ಕ್ಯಾನ್, ವೀಸಾ ಕಾಗದ, ಬಾಡಿಗೆ ಕರಾರು, ಡಿಗ್ರಿ ಸರ್ಟಿಫಿಕೇಟ್, ಸಂಬಳದ ಚೀಟಿ. ಆದ್ದರಿಂದ ಮೊದಲು ಬೀಗ, ಆಮೇಲೆ ಡಿಸ್ಕ್. ಈ ಕ್ರಮ ತಪ್ಪಿಸಬೇಡಿ.

ನಾನು ಈ ಕ್ರಮ ತಪ್ಪಿಸಿದ್ದೆ. ಬಂದ ಮೊದಲ ವರ್ಷ ನಾಲ್ಕು ಜನ ಸೇರಿ ಒಂದು ಮನೆಯಲ್ಲಿದ್ದೆವು. ಹಾಲ್‌ನಲ್ಲಿದ್ದ ರೌಟರ್‌ಗೆ ನನ್ನ ಡಿಸ್ಕ್ ಹಾಕಿದೆ. ಒಂದು ಶನಿವಾರ ಜೊತೆಯವರೊಬ್ಬರ ಸ್ನೇಹಿತರು ಬಂದಿದ್ದರು. ಅವರಲ್ಲಿ ಒಬ್ಬರು ಸಿನಿಮಾ ಹುಡುಕಲು ಟಿವಿಯ ರಿಮೋಟ್ ಒತ್ತಿದರು. ಪರದೆಯ ತುಂಬಾ ನನ್ನ ಫೋಟೋಗಳ ಪಟ್ಟಿ ಬಂತು. ಅದರ ನಡುವೆ ನನ್ನ ಪಾಸ್‌ಪೋರ್ಟಿನ ಮೊದಲ ಪುಟ, ನಂಬರ್ ಸಮೇತ, ಗೋಡೆಯಷ್ಟು ದೊಡ್ಡದಾಗಿ. ಯಾರೂ ಏನೂ ಕದಿಯಲು ಬಂದಿರಲಿಲ್ಲ. ರೌಟರ್‌ನಲ್ಲಿ ‘ಮೀಡಿಯಾ ಸರ್ವರ್’ ಅನ್ನುವ ಸೌಲಭ್ಯ ತಾನಾಗಿಯೇ ಆನ್ ಆಗಿತ್ತು. ಡಿಎಲ್‌ಎನ್‌ಎ ಅಂತ ಕರೆಯುವ ಈ ಪದ್ಧತಿಗೆ ಪಾಸ್‌ವರ್ಡ್ ಕೇಳುವ ಅಭ್ಯಾಸವೇ ಇಲ್ಲ. ಅದು ಡಿಸ್ಕ್‌ನ ಚಿತ್ರ, ವಿಡಿಯೋ, ಹಾಡು ಎಲ್ಲವನ್ನೂ ಹುಡುಕಿ, ಅದೇ ನೆಟ್‌ವರ್ಕ್‌ನಲ್ಲಿರುವ ಪ್ರತಿ ಟಿವಿಗೂ ತೋರಿಸುತ್ತದೆ. ಅವತ್ತು ರಾತ್ರಿಯೇ ಡಿಸ್ಕ್ ಕಿತ್ತು, ರೌಟರ್‌ನ ಸೆಟ್ಟಿಂಗ್ ಒಂದೊಂದಾಗಿ ಓದಲು ಕೂತೆ.

ಇದು ಮನೆಯೊಳಗಿನ ಮಾತು. ಹೊರಗಿನಿಂದಲೂ ಹೀಗೆ ಆಗಿದ್ದುಂಟು. 2014ರ ಫೆಬ್ರವರಿಯಲ್ಲಿ ಆಸುಸ್ ಕಂಪನಿಯ ರೌಟರ್ ಬಳಸುತ್ತಿದ್ದ ಸಾವಿರಾರು ಜನರ ಡಿಸ್ಕ್‌ನಲ್ಲಿ ಒಂದು ಚಿಕ್ಕ ಫೈಲ್ ಕಾಣಿಸಿಕೊಂಡಿತು. ನಿಮ್ಮ ಡಿಸ್ಕ್ ಇಂಟರ್ನೆಟ್‌ಗೆ ತೆರೆದುಕೊಂಡಿದೆ, ಯಾರು ಬೇಕಾದರೂ ನೋಡಬಹುದು ಅನ್ನುವ ಎಚ್ಚರಿಕೆ ಅದರಲ್ಲಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಮೇಲೆ ಹೇಳಿದ ಲೆಕ್ಕದ ಪ್ರಕಾರ 12,900ಕ್ಕೂ ಜಾಸ್ತಿ ಡಿಸ್ಕ್‌ಗಳೊಳಗೆ ಅಪರಿಚಿತರು ಹೊಕ್ಕಿದ್ದರು. 2016ರಲ್ಲಿ ಕಂಪನಿ ಆ ಪ್ರಕರಣವನ್ನು ಒಪ್ಪಂದದಲ್ಲಿ ಮುಗಿಸಿತು. ನನಗೆ ಅದರಲ್ಲಿ ಮನಸ್ಸಿಗೆ ತಟ್ಟಿದ್ದು ಒಂದೇ ಅಂಶ. ಡಿಸ್ಕ್ ಹಂಚಲು ಸಹಾಯ ಮಾಡುವ ಪುಟದಲ್ಲಿ ಮೊದಲೇ ಆರಿಸಿಟ್ಟಿದ್ದ ಆಯ್ಕೆ ಎಲ್ಲರಿಗೂ ಪೂರ್ತಿ ಪ್ರವೇಶ ಕೊಡುವಂಥದ್ದಾಗಿತ್ತು. ಜನ ಸುಮ್ನೆ ‘ಮುಂದೆ, ಮುಂದೆ’ ಅಂತ ಒತ್ತಿದ್ದರು ಅಷ್ಟೇ.

ಸರಿ, ಈಗ ಕೆಲಸಕ್ಕೆ ಬರೋಣ.

ನಿಮ್ಮ ಮನೆಯಲ್ಲಿರುವ ರೌಟರ್ ಯಾರದು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಹಿಂದಿನ ಬಾಡಿಗೆದಾರರು ಬಿಟ್ಟುಹೋದದ್ದಾದರೆ ಹಾಗೇ ಬಳಸಬೇಡಿ. ಹಿಂಬದಿಯ ಸಣ್ಣ ತೂತಿನಲ್ಲಿ ಪಿನ್ ಹಾಕಿ ಹತ್ತು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಒತ್ತಿ ಹಿಡಿದರೆ ಹಳೆಯ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಅದು ಇಂಟರ್ನೆಟ್ ಕಂಪನಿಯದ್ದೇ ಆಗಿದ್ದರೆ ಮಾತ್ರ ಒತ್ತುವ ಮುಂಚೆ ಅವರನ್ನು ಒಂದು ಮಾತು ಕೇಳಿ, ಯಾಕೆಂದರೆ ಸಂಪರ್ಕಕ್ಕೆ ಬೇಕಾದ ಯೂಸರ್‌ನೇಮ್ ಕೂಡ ಅಳಿಸಿಹೋಗಬಹುದು. ಊರಿನಿಂದ ರೌಟರ್ ತಂದಿದ್ದರೆ ಅದರ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಇದೆಯಾ ನೋಡಿ. ಆಮೇಲೆ ಸೆಟ್ಟಿಂಗ್‌ನಲ್ಲಿ ದೇಶವನ್ನು ಈಗಿರುವ ದೇಶಕ್ಕೆ ಬದಲಿಸಿ. ಯಾವ ದೇಶದಲ್ಲಿ ವೈಫೈಗೆ ಯಾವ ರೇಡಿಯೋ ಚಾನೆಲ್, ಎಷ್ಟು ಶಕ್ತಿಯಲ್ಲಿ ಬಳಸಬಹುದು ಅನ್ನುವುದಕ್ಕೆ ಕಾನೂನಿದೆ. ಕೆಲವು ರೌಟರ್‌ಗಳಲ್ಲಿ ದೇಶ ಬದಲಿಸಲು ಬರುವುದೇ ಇಲ್ಲ. ಅಂಥದ್ದನ್ನು ಬಿಟ್ಟು ಇಲ್ಲಿನದ್ದೇ ಒಂದು ತೆಗೆದುಕೊಳ್ಳುವುದು ಒಳ್ಳೆಯದು.

ರೌಟರ್‌ನ ತಳದಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ವಿಳಾಸ ಬರೆದಿರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಬ್ರೌಸರ್‌ನಲ್ಲಿ ಅದನ್ನು ಹೊಡೆದರೆ ರೌಟರ್‌ನ ಒಳಮನೆ ತೆರೆಯುತ್ತದೆ. ಇಲ್ಲಿ ಹೊಸಬರು ಗೊಂದಲ ಮಾಡಿಕೊಳ್ಳುವ ವಿಷಯ ಒಂದಿದೆ. ವೈಫೈ ಪಾಸ್‌ವರ್ಡ್ ಬೇರೆ, ಅಡ್ಮಿನ್ ಪಾಸ್‌ವರ್ಡ್ ಬೇರೆ. ಮೊದಲನೆಯದು ಮನೆಯ ಮುಂಬಾಗಿಲ ಬೀಗ. ಎರಡನೆಯದು ಬೀಗಗಳನ್ನೇ ಬದಲಿಸುವ ಅಧಿಕಾರ. ವೈಫೈ ಪಾಸ್‌ವರ್ಡ್ ಬದಲಿಸಿ, ಅಡ್ಮಿನ್‌ದನ್ನು ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡಿದ್ದು ಹೀಗೇ. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯ ಅರವತ್ತು ಚಿಲ್ಲರೆ ಯೂಸರ್‌ನೇಮ್ ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಆದ್ದರಿಂದ ಒಳಗೆ ಹೋದ ತಕ್ಷಣ ಮಾಡುವ ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು. ಬದಲಿಸಿದ್ದನ್ನು ಕಾಗದದಲ್ಲಿ ಬರೆದು ಮನೆಯೊಳಗೇ ಇಟ್ಟುಕೊಳ್ಳಿ, ತಪ್ಪೇನಿಲ್ಲ.

ಎರಡನೆಯದು ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡುವುದು. ತಾನಾಗಿ ಆಗುವ ಆಯ್ಕೆ ಇದ್ದರೆ ಆನ್ ಮಾಡಿ. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಕಾಟ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕನಿಷ್ಠ 5 ಲಕ್ಷ ರೌಟರ್ ಮತ್ತು ಸ್ಟೋರೇಜ್ ಪೆಟ್ಟಿಗೆಗಳಿಗೆ ತಗುಲಿತು. ಅದಕ್ಕೆ ಸಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ಹಳೆಯವು, ಅವುಗಳ ದೋಷ ಎಲ್ಲರಿಗೂ ಗೊತ್ತಿದ್ದದ್ದೇ. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ರೌಟರ್‌ಗೆ ದಯವಿಟ್ಟು ಡಿಸ್ಕ್ ಹಾಕಬೇಡಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ವೈಫೈ ಭದ್ರತೆಯಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸಿ. 2018ರಲ್ಲಿ ಬಂದ ಪದ್ಧತಿ ಅದು. ಹಳೆಯ ಫೋನ್ ಅಥವಾ ಪ್ರಿಂಟರ್ ಒಪ್ಪದಿದ್ದರೆ ಡಬ್ಲ್ಯೂಪಿಎ2 ಮತ್ತು 3 ಸೇರಿರುವ ಆಯ್ಕೆ ಸಾಕು. ಡಬ್ಲ್ಯೂಇಪಿ ಅಂತ ಕಂಡರೆ ಮುಟ್ಟಬೇಡಿ. ಅದು 2001ರಷ್ಟು ಹಿಂದೆಯೇ ಮುರಿದುಬಿದ್ದದ್ದು. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು, 63ರವರೆಗೆ ಹೋಗಬಹುದು. ನನ್ನ ಸಲಹೆ ಕೇಳಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಕನ್ನಡ ಪದ ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ‘ಕೊಡೆ ಗಡಿಯಾರ ನವಿಲು ಮೂಲೆ’ ಅನ್ನುವ ಹಾಗೆ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಇಲ್ಲಿ ಬರೆದದ್ದನ್ನೇ ಇಡಬೇಡಿ, ಪ್ರಸಿದ್ಧ ಹಾಡಿನ ಸಾಲೂ ಬೇಡ. ವೈಫೈ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡುವ ಆಸೆ ಇದ್ದರೆ ಇಡಬಹುದು. ಹೆಸರಿಗೆ ಸಿಗುವ ಜಾಗ 32 ಬೈಟ್. ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ 3 ಬೈಟ್ ತಿನ್ನುತ್ತದೆ, ಹಾಗಾಗಿ ಹತ್ತಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ‘ನಮ್ಮಮನೆ’ ಆರಾಮಾಗಿ ಹಿಡಿಸುತ್ತದೆ. ನಿಮ್ಮ ಹೆಸರು, ಫ್ಲಾಟ್ ನಂಬರ್ ಮಾತ್ರ ಬೇಡ.

ಡಬ್ಲ್ಯೂಪಿಎಸ್ ಆಫ್ ಮಾಡಿ. ಒಂದು ಗುಂಡಿ ಒತ್ತಿ ಅಥವಾ 8 ಅಂಕೆಯ ಪಿನ್ ಕೊಟ್ಟು ಸೇರುವ ಸೌಲಭ್ಯ ಅದು. 8 ಅಂಕೆ ಅಂದರೆ ತುಂಬಾ ಗಟ್ಟಿ ಅನ್ನಿಸುತ್ತದೆ, ಅಲ್ವಾ? 2011ರಲ್ಲಿ ಸ್ಟೆಫಾನ್ ಫೀಬೋಕ್ ಅನ್ನುವ ಸಂಶೋಧಕರು ಅದರ ಬಣ್ಣ ಬಯಲು ಮಾಡಿದರು. ರೌಟರ್ ಮೊದಲ ನಾಲ್ಕು ಅಂಕೆ ಸರಿಯೋ ತಪ್ಪೋ ಅಂತ ಬೇರೆಯಾಗಿ ಹೇಳಿಬಿಡುತ್ತದೆ. ಕೊನೆಯ ಅಂಕೆ ಉಳಿದ ಏಳರಿಂದ ಲೆಕ್ಕ ಹಾಕಿ ಬರುವುದು. ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಬಾಗಿಲು ತೆರೆಯುತ್ತದೆ. ನಿಮ್ಮ ನಾಲ್ಕು ಪದದ ಪಾಸ್‌ವರ್ಡ್ ಅಷ್ಟು ಹೊತ್ತಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಇದರ ಜೊತೆಗೇ ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಿಸಲು ಬಿಡುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಮತ್ತು ಯುಪಿಎನ್‌ಪಿ ಕೂಡ ಆಫ್ ಮಾಡಿ. ಎರಡನೆಯದು ಮನೆಯೊಳಗಿನ ಯಾವ ಯಂತ್ರಕ್ಕಾದರೂ ಹೊರಗಿನಿಂದ ದಾರಿ ತೆರೆದುಕೊಡುತ್ತದೆ, ನಿಮ್ಮನ್ನು ಕೇಳುವುದಿಲ್ಲ.

ಗೆಸ್ಟ್ ನೆಟ್‌ವರ್ಕ್, ಅಂದರೆ ಅತಿಥಿಗಳಿಗೆ ಬೇರೆಯದೇ ವೈಫೈ, ಒಂದು ಮಾಡಿಕೊಳ್ಳಿ. ಮನೆಗೆ ಬರುವವರು, ಟಿವಿ, ಸ್ಮಾರ್ಟ್ ಬಲ್ಬು ಎಲ್ಲ ಅಲ್ಲಿಗೆ. ಹಂಚಿಕೊಂಡ ಮನೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ಗೆಸ್ಟ್‌ನಲ್ಲಿ ‘ಲೋಕಲ್ ನೆಟ್‌ವರ್ಕ್ ಪ್ರವೇಶ’ ಅನ್ನುವ ಟಿಕ್ ಇರಬಾರದು.

ಇನ್ನು ಡಿಸ್ಕ್. ಚುಚ್ಚಿದ ಮೇಲೆ ಟಕ್ ಟಕ್ ಅಂತ ಸದ್ದು ಬಂದು ಡಿಸ್ಕ್ ಕಾಣದೇ ಹೋದರೆ ಅದಕ್ಕೆ ವಿದ್ಯುತ್ ಸಾಲುತ್ತಿಲ್ಲ ಅಂತ ಮೊದಲು ಅನುಮಾನಿಸಿ. ಯುಎಸ್‌ಬಿ 2 ಕಿಂಡಿ 500 ಮಿಲಿಆಂಪ್, ಯುಎಸ್‌ಬಿ 3 ಕಿಂಡಿ 900 ಮಿಲಿಆಂಪ್ ಕೊಡುವಂತೆ ಮಾಡಿದ್ದು. ತಿರುಗುವ ಡಿಸ್ಕ್ ಶುರುವಾಗುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು. ತನ್ನದೇ ಅಡಾಪ್ಟರ್ ಇರುವ ಡಿಸ್ಕ್ ಅಥವಾ ಹಬ್ ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ವಿಚಿತ್ರ ತೊಂದರೆ ನನ್ನನ್ನು ಮೂರು ವಾರ ಕಾಡಿತ್ತು. ಡಿಸ್ಕ್‌ಗೆ ಫೈಲ್ ಕಳಿಸುವಾಗಲೆಲ್ಲ ಪ್ರಿಂಟರ್‌ನ ವೈಫೈ ಕಡಿದುಹೋಗುತ್ತಿತ್ತು. ಕಳಿಸುವುದು ನಿಂತರೆ ಮತ್ತೆ ಸರಿ. ಕೊನೆಗೆ ಕಾರಣ ಗೊತ್ತಾಯಿತು: ಯುಎಸ್‌ಬಿ 3 ಕೆಲಸ ಮಾಡುವಾಗ ಅದರ ಕೇಬಲ್ಲಿನಿಂದ ಹೊರಡುವ ರೇಡಿಯೋ ಗದ್ದಲ ವೈಫೈ ಬಳಸುವ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಬೀಳುತ್ತದೆ. 2012ರಲ್ಲೇ ಇಂಟೆಲ್ ಕಂಪನಿ ಇದನ್ನು ಬರೆದಿಟ್ಟಿದೆ. ಡಿಸ್ಕನ್ನು ರೌಟರ್‌ನ ತಲೆ ಮೇಲಿಂದ ಇಳಿಸಿ, ಒಂದು ಮೀಟರ್‌ನ ಒಳ್ಳೆಯ ಕೇಬಲ್ ಹಾಕಿ, ಕೆಳಗಿನ ಶೆಲ್ಫ್‌ಗೆ ಸರಿಸಿದೆ. ಅವತ್ತಿನಿಂದ ಪ್ರಿಂಟರ್ ಕಡಿದಿಲ್ಲ. ಕೆಲವು ರೌಟರ್‌ಗಳಲ್ಲಿ ಈ ಗದ್ದಲ ಕಡಿಮೆ ಮಾಡುವ ಆಯ್ಕೆಯೇ ಇರುತ್ತದೆ. ಲ್ಯಾಪ್‌ಟಾಪ್, ಫೋನ್‌ಗಳನ್ನು ವೈಫೈಯ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಜ್‌ಗೆ ಹಾಕಿಬಿಡಿ. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ, ಆದರೆ ಫೈಲ್ ಕಳಿಸಲು ವೇಗ ಜಾಸ್ತಿ.

ಡಿಸ್ಕ್‌ನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲ್ ಜೋಡಿಸಿಡುವ ಪದ್ಧತಿ, ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೋ ಕಳಿಸಲು ಹೋಗಿ ಅರ್ಧಕ್ಕೆ ನಿಲ್ಲುವುದು ಇದಕ್ಕೇ. ನಿಮ್ಮ ರೌಟರ್ ಯಾವ ಫಾರ್ಮ್ಯಾಟ್ ಒಪ್ಪುತ್ತದೆ ಅಂತ ಅದರ ಕೈಪಿಡಿಯಲ್ಲಿ ನೋಡಿ ಬದಲಿಸಿ. ಬದಲಿಸಿದರೆ ಡಿಸ್ಕ್ ಪೂರ್ತಿ ಖಾಲಿಯಾಗುತ್ತದೆ, ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ಹಂಚುವ ಪುಟದಲ್ಲಿ ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎಸ್‌ಎಂಬಿ ಅಥವಾ ಸಾಂಬಾ ಅನ್ನುವ ಪದ್ಧತಿಯೊಂದೇ ಆನ್ ಇರಲಿ. ಅದರಲ್ಲೂ ಎಸ್‌ಎಂಬಿ 1 ಬೇಡ, 2 ಅಥವಾ 3 ಆರಿಸಿ. 2017ರ ಮೇ ತಿಂಗಳಲ್ಲಿ ಪ್ರಪಂಚವನ್ನೇ ನಡುಗಿಸಿದ ವನ್ನಾಕ್ರೈ ಅನ್ನುವ ದುಷ್ಟ ಪ್ರೋಗ್ರಾಂ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ಬಿರುಕಿನಿಂದ. ರೌಟರ್ ಹಳೆಯದಾಗಿ ಅದೊಂದೇ ಇದ್ದರೆ ಡಿಸ್ಕ್ ಬೇಡವೇ ಬೇಡ. ಫೈಲ್ ಕಳಿಸುವ ಹಳೆಯ ಪದ್ಧತಿಯಾದ ಎಫ್‌ಟಿಪಿ ಆಫ್ ಮಾಡಿ, ಅದು ಪಾಸ್‌ವರ್ಡನ್ನು ಮುಚ್ಚದೆ ಹಾಗೇ ಕಳಿಸುತ್ತದೆ. ಮೀಡಿಯಾ ಸರ್ವರ್ ಬೇಕೇ ಬೇಕು ಅಂದರೆ ಇಡೀ ಡಿಸ್ಕ್ ಬದಲು ಹಾಡು, ಸಿನಿಮಾ ಇರುವ ಒಂದು ಫೋಲ್ಡರ್ ಮಾತ್ರ ತೋರಿಸಿ. ಆಗ ಟಿವಿ ಗೆಸ್ಟ್‌ನಲ್ಲಿ ಅಲ್ಲ, ಮನೆಯ ಮುಖ್ಯ ವೈಫೈಯಲ್ಲಿ ಇರಬೇಕಾಗುತ್ತದೆ.

ಫೋಲ್ಡರ್ ಮೂರು ಸಾಕು. ಮನೆಯವರೆಲ್ಲ ನೋಡುವುದು ಒಂದು, ನಿಮ್ಮದು ಒಂದು, ಸಂಗಾತಿಯದು ಒಂದು. ಒಬ್ಬೊಬ್ಬರಿಗೆ ಒಂದೊಂದು ಯೂಸರ್‌ನೇಮ್ ಕೊಡಿ. ‘ಗೆಸ್ಟ್ ಪ್ರವೇಶ’, ‘ಅನಾನಿಮಸ್’ ಅನ್ನುವ ಆಯ್ಕೆ ತೆಗೆಯಿರಿ. ಮಕ್ಕಳ ಖಾತೆಗೆ ಓದುವ ಹಕ್ಕು ಮಾತ್ರ ಕೊಡಿ, ಒಂದು ತಪ್ಪು ಒತ್ತಿನಿಂದ ಫೋಟೋ ಅಳಿಸಿಹೋಗಬಾರದು. ಪಾಸ್‌ಪೋರ್ಟ್, ವೀಸಾ ಕಾಗದಗಳನ್ನು ನಾನಂತೂ ಈಗ ಈ ಡಿಸ್ಕ್‌ನಲ್ಲಿ ಇಡುವುದೇ ಇಲ್ಲ. ಅವು ಎನ್‌ಕ್ರಿಪ್ಟ್ ಮಾಡಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ, ಪೆನ್‌ಡ್ರೈವ್‌ನಲ್ಲಿ ಬೇರೆ ಇವೆ.

ಊರಿನಿಂದ ಅಪ್ಪ ಅಮ್ಮ ಫೋಟೋ ನೋಡಲಿ ಅಂತ ಡಿಸ್ಕನ್ನು ಇಂಟರ್ನೆಟ್‌ಗೆ ತೆರೆಯುವ ಆಸೆ ಎಲ್ಲರಿಗೂ ಬರುತ್ತದೆ. ರೌಟರ್‌ನಲ್ಲಿ ಪೋರ್ಟ್ ತೆರೆದು, ಅಂದರೆ ಹೊರಗಿನಿಂದ ಯಾರಾದರೂ ಬರುವ ನೇರ ದಾರಿ ಬಿಟ್ಟು, ಅದನ್ನು ಮಾತ್ರ ಮಾಡಬೇಡಿ. ಅವರಿಗೆ ಬೇಕಾದ ಆಲ್ಬಮ್ ಆರಿಸಿ ಬೇರೆ ದಾರಿಯಲ್ಲಿ ಕಳಿಸಿ. ನಿಮಗೇ ಹೊರಗಿನಿಂದ ಬೇಕಿದ್ದರೆ ರೌಟರ್‌ನಲ್ಲಿರುವ ವಿಪಿಎನ್, ಅಂದರೆ ಮನೆಯ ನೆಟ್‌ವರ್ಕ್‌ಗೆ ಬರುವ ಬೀಗ ಹಾಕಿದ ದಾರಿ, ಬಳಸಿ.

ಈ ಡಿಸ್ಕ್ ಬ್ಯಾಕಪ್ ಅಂತ ಮಾತ್ರ ಅಂದುಕೊಳ್ಳಬೇಡಿ. ಇದ್ದದ್ದು ಇದೊಂದೇ ನಕಲಾದರೆ, ಡಿಸ್ಕ್ ಕೆಟ್ಟ ದಿನ ಎಲ್ಲ ಹೋಯಿತು. ಇನ್ನೊಂದು ಡಿಸ್ಕ್‌ಗೆ ತಿಂಗಳಿಗೊಮ್ಮೆ ನಕಲು ಮಾಡಿ, ಕಿತ್ತು ಕಪಾಟಿನಲ್ಲಿಡಿ. ಕೀಳುವಾಗ ‘ಸುರಕ್ಷಿತವಾಗಿ ತೆಗೆ’ ಗುಂಡಿ ಒತ್ತಿಯೇ ಕೀಳಿ.

ಎಲ್ಲ ಮುಗಿದ ಮೇಲೆ ಮೂರು ಪರೀಕ್ಷೆ ಮಾಡಿ ನೋಡಿ, ಹತ್ತು ನಿಮಿಷ ಸಾಕು. ಇದುವರೆಗೆ ಡಿಸ್ಕ್ ತೆರೆಯದ ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ವಿಂಡೋಸ್ ಆದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಪಕ್ಕದಲ್ಲೇ ರೌಟರ್ ವಿಳಾಸ ಹೊಡೆಯಿರಿ. ಫೋಲ್ಡರ್ ತೆರೆಯಲು ಹೋದಾಗ ಪಾಸ್‌ವರ್ಡ್ ಕೇಳಬೇಕು. ಕೇಳದೆ ತೆರೆದರೆ ಎಲ್ಲೋ ಒಂದು ಟಿಕ್ ಉಳಿದಿದೆ. ಆಮೇಲೆ ಗೆಸ್ಟ್ ವೈಫೈಗೆ ಸೇರಿ ಅದನ್ನೇ ಮಾಡಿ, ಏನೂ ತೆರೆಯಬಾರದು. ಕೊನೆಗೆ ಮನೆಯ ವೈಫೈಯಲ್ಲಿರುವಾಗ ನಿಮ್ಮ ಹೊರಗಿನ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಮನೆಯನ್ನು ಗುರುತಿಸುವ ನಂಬರ್, ಬರೆದುಕೊಳ್ಳಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಆ ವಿಳಾಸವನ್ನು ಬ್ರೌಸರ್‌ಗೆ ಹಾಕಿ. ರೌಟರ್‌ನ ಲಾಗಿನ್ ಪುಟ ಬಂದರೆ ‘ರಿಮೋಟ್ ಮ್ಯಾನೇಜ್‌ಮೆಂಟ್’ ಇನ್ನೂ ಆನ್ ಇದೆ ಅಂತ ಅರ್ಥ.

ಜೊತೆಗಿದ್ದವರು ಮನೆ ಬಿಟ್ಟಾಗ ವೈಫೈ ಪಾಸ್‌ವರ್ಡ್ ಬದಲಿಸಿ, ಡಿಸ್ಕ್‌ನಲ್ಲಿದ್ದ ಅವರ ಖಾತೆ ತೆಗೆಯಿರಿ. ನೀವೇ ಮನೆ ಬಿಡುವಾಗ ಮೊದಲು ಡಿಸ್ಕ್ ಕಿತ್ತು ಚೀಲಕ್ಕೆ ಹಾಕಿ, ಆಮೇಲೆ ಪಿನ್ ಹುಡುಕಿ ಆ ಸಣ್ಣ ತೂತು ಒತ್ತಿ. ನಿಮ್ಮ ನಂತರ ಆ ಮನೆಗೆ ಬರುವವರಿಗೆ ರೌಟರ್ ಖಾಲಿಯಾಗಿ ಸಿಗಲಿ.